ಹುರುಳಿ ಬಳ್ಳಿಯೂ ಪೊಲೀಸ್ ಜೀಪೂ

ಚಳಿಗಾಲದ ಓಡಾಟಕ್ಕೆ ಪೊಲೀಸ್ ವಾಹನವನ್ನು ಅಣಿಗೊಳಿಸುವ ಕೆಲಸ ಲಡಾಖ್‌ನಲ್ಲಿ ಒಂದು ಬಗೆ, ಮೈಲಾರದಲ್ಲಿ ಇನ್ನೊಂದು ಬಗೆ. ಲಡಾಖ್‌ನಲ್ಲಿ ಎದುರಿಸಬೇಕಾದದ್ದು ಚಳಿಯನ್ನೇ. ಮೈಲಾರದ ಸುತ್ತಣ ಹೂವಿನಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ಜನವರಿಯ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೆ ಜನ ಕಂಬಳಿ ಹೊದೆಯುತ್ತಾರೆ, ಎಂಜಿನ್‌ಗೆ ಅದು ಹಿತವಾದ ಹವೆ. ಇಲ್ಲಿ ತೊಡಕೆಲ್ಲ ರಸ್ತೆಯ ಮೇಲಿರುತ್ತದೆ: ಬೆಳಗಿನ ಮಂಜು, ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್, ಟಾರಿನ ಮೇಲೆ ಹರವಿದ ಒಕ್ಕಣೆ, ಕೊನೆಗೆ ಭರತ ಹುಣ್ಣಿಮೆಯ ಜಾತ್ರೆಗೆ ಮೈಲಾರದ ಕಡೆ ಹರಿದು ಬರುವ ಜನ ಮತ್ತು ಚಕ್ಕಡಿ.

ಹಿಮದ ನಾಡಿನ ಸಾಮಗ್ರಿಯ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಸಾಮಾನ್ಯ ಡೀಸೆಲ್ ಕಡುಚಳಿಗೆ ಮೇಣಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದಕ್ಕೇ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಲಡಾಖ್‌ಗೆ ತಂದಿತು. ಹೊಸ ದೊಡ್ಡ ಡೀಸೆಲ್ ವಾಹನಗಳ ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರಾವಣ ಮೈನಸ್ 11ಕ್ಕೇ ಹೆಪ್ಪುಗಟ್ಟುತ್ತದೆ. ಬ್ಯಾಟರಿಯ ಬಲ ಮೈನಸ್ 18ರ ಹೊತ್ತಿಗೆ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಮಾಮೂಲಿ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಬಿರುಸಾಗುವುದರಿಂದ ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ, ರಸ್ತೆಯ ಮೇಲೆ ಹಿಮ ಮಂಜುಗಡ್ಡೆ ಇದ್ದಾಗ, ಚಳಿಗಾಲದ ಟೈರು ಕಡ್ಡಾಯ. ಹಿಮಾಚಲದಲ್ಲಿ ಹಿಮ ಬಿದ್ದ ದಿನ ಅಟಲ್ ಸುರಂಗದ ದಾರಿಯಲ್ಲಿ ನಾಲ್ಕೂ ಚಕ್ರ ಎಳೆಯುವ ಅಥವಾ ಟೈರಿಗೆ ಸರಪಳಿ ಕಟ್ಟಿದ ವಾಹನಗಳನ್ನು ಮಾತ್ರ ಪೊಲೀಸರು ಬಿಡುತ್ತಾರೆ. ಸರಪಳಿ ಪವಾಡ ಕಂಡ ಮೈಲಾರದವರಿಗೆ ಇದು ತಮಾಷೆಯಾಗಿ ತೋರಬಹುದು. ಇಲ್ಲಿಯ ಜಾತ್ರೆಯಲ್ಲಿ ಸರಪಳಿ ಇರುವುದೇ ಜಗ್ಗಿ ಹರಿಯುವುದಕ್ಕೆ.

ಟೈರಿನ ಸರಪಳಿಗೆ ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ 1904ರಲ್ಲಿ ಪೇಟೆಂಟ್ ಪಡೆದ. ಕೆಸರಿನಲ್ಲಿ ಜಾರದಿರಲೆಂದು ಚಾಲಕರು ಟೈರಿಗೆ ಹಗ್ಗವನ್ನೋ ದ್ರಾಕ್ಷಿ ಬಳ್ಳಿಯನ್ನೋ ಸುತ್ತುತ್ತಿದ್ದುದನ್ನು ನೋಡಿ ಅವನಿಗೆ ಈ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ಬಳ್ಳಿಯ ಮಾತು ಮುಂದೆ ಮತ್ತೆ ಬರುತ್ತದೆ.

ಮೈಲಾರ ಸೀಮೆಯ ಪೊಲೀಸ್ ವಾಹನವೆಂದರೆ ಹೆಚ್ಚಾಗಿ ಬೊಲೆರೊ, ಜನರ ಬಾಯಲ್ಲಿ ಮಾತ್ರ ಇಂದಿಗೂ ಜೀಪು. ಚಳಿಗಾಲಕ್ಕೆ ಮೊದಲು ನೋಡಬೇಕಾದದ್ದು ಅದರ ಗಾಜು ಮತ್ತು ದೀಪ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ಬೇಗ ತಣ್ಣಗಾಗಿ, ತುಂಗಭದ್ರೆಯ ದಂಡೆ ಮತ್ತು ಕೆರೆಗಳ ಬಯಲಲ್ಲಿ ತೇವದ ಗಾಳಿ ಮಂಜಾಗಿ ಕೂರುತ್ತದೆ. ಹೊರಗೆ ಮಂಜು, ಒಳಗೆ ನಾಲ್ಕು ಜನ ಸಿಬ್ಬಂದಿಯ ಉಸಿರು: ಎರಡೂ ಸೇರಿ ಗಾಜು ಕುರುಡಾಗುತ್ತದೆ. ಎ.ಸಿ. ಇದ್ದರೆ ಅದರ ಒಣಗಾಳಿಯನ್ನು ಗಾಜಿಗೆ ತಿರುಗಿಸಿದರೆ ಸಾಕು, ಒಳಗಿನ ಮಬ್ಬು ನಿಮಿಷದಲ್ಲಿ ತಿಳಿಯಾಗುತ್ತದೆ. ಇಲ್ಲದಿದ್ದರೆ ಕಿಟಕಿ ಇಳಿಸಿ ಚಳಿ ತಿನ್ನಬೇಕು.

ಮಂಜಿಗೆ ಹಳದಿ ದೀಪವೇ ಬೇಕೆಂಬ ನಂಬಿಕೆ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ. ಫ್ರಾನ್ಸ್ ದೇಶ 1993ರವರೆಗೂ ಹೆಡ್‌ಲೈಟುಗಳೆಲ್ಲ ಹಳದಿಯೇ ಇರಬೇಕೆಂದು ಕಾನೂನು ಇಟ್ಟುಕೊಂಡಿತ್ತು. ಆದರೆ ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು. ಅದು ಹಳದಿಯನ್ನೂ ಬಿಳಿಯನ್ನೂ ಹೆಚ್ಚುಕಡಿಮೆ ಒಂದೇ ತೆರದಲ್ಲಿ ಚದುರಿಸುತ್ತದೆ. ನಿಜವಾಗಿ ಕೆಲಸ ಮಾಡುವುದು ದೀಪದ ಬಣ್ಣವಲ್ಲ, ಅದನ್ನು ಕೂರಿಸುವ ಎತ್ತರ. ಬಂಪರಿನ ಕೆಳಗಿನಿಂದ ಅಗಲವಾಗಿ, ನೆಲಕ್ಕೆ ಹತ್ತಿ ಹರಡುವ ಬೆಳಕು ರಸ್ತೆಯಂಚನ್ನು ತೋರಿಸುತ್ತದೆ. ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆಯೇ ಏಳುತ್ತದೆ. ಮೇಲಿನ ಕೆಂಪು ನೀಲಿ ದೀಪದ್ದೂ ಅದೇ ಪಾಡು. ಗಣ್ಯರ ಕಾರುಗಳಿಂದ 2017ರ ಮೇ 1ಕ್ಕೆ ಕೆಂಪು ದೀಪ ಇಳಿದ ಮೇಲೆ ಈ ಹಕ್ಕು ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕದಂಥ ತುರ್ತು ಸೇವೆಗೆ ಉಳಿದಿದೆ. ದಟ್ಟ ಮಂಜಿನಲ್ಲಿ ಆ ದೀಪ ದೂರದವರಿಗೆ ಸುಳಿವು ಕೊಟ್ಟರೂ ಸ್ವಂತ ಚಾಲಕನ ಕಣ್ಣಿಗೆ ಮಾತ್ರ ತೊಂದರೆಯೇ.

ಇನ್ನು ಜೀಪಿನ ಅಡಿಭಾಗ. ಚಳಿಗಾಲದ ಯಾವ ಕೈಪಿಡಿಯಲ್ಲೂ ಸಿಗದ, ಈ ಸೀಮೆಯದೇ ಎನ್ನಬಹುದಾದ ಅಪಾಯ ಇರುವುದು ಇಲ್ಲಿ. ಹಿಂಗಾರಿನ ಹುರುಳಿ ಡಿಸೆಂಬರ್, ಜನವರಿಯಲ್ಲಿ ಕೊಯ್ಲಿಗೆ ಬರುತ್ತದೆ. ಕಣ ಮಾಡಿ ಸಗಣಿ ಸಾರಿಸಿ ರೋಣಗಲ್ಲು ಎಳೆಸುವ ಎತ್ತುಗಳು ಕಡಿಮೆಯಾದ ಮೇಲೆ ಒಕ್ಕಣೆ ಟಾರ್ ರಸ್ತೆಗೆ ಬಂತು. ಕಿತ್ತ ಗಿಡವನ್ನು ಮೊಳದೆತ್ತರ ಹರವಿ, ಬಸ್ಸು ಲಾರಿಗಳ ಗಾಲಿಯಿಂದ ಪುಕ್ಕಟೆ ತುಳಿಸುತ್ತಾರೆ. ಜೋಳ, ಸಜ್ಜೆಯ ತೆನೆಯಾದರೆ ಗಾಲಿಯಡಿ ಪುಡಿಯಾಗಿ ಸುಮ್ಮನಾಗುತ್ತದೆ. ಹುರುಳಿ ಹಾಗಲ್ಲ. ಅದರದು ಉದ್ದನೆಯ, ಒಣಗಿದರೂ ಮುರಿಯದೆ ಬಾಗುವ ಬಳ್ಳಿ. ಬೊಲೆರೊದಲ್ಲಿ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟು ಗಾಡಿಯಡಿ ಉದ್ದಕ್ಕೂ ತಿರುಗುತ್ತಿರುತ್ತದೆ. ಬಳ್ಳಿಯ ಒಂದು ತುದಿ ಅದಕ್ಕೆ ತಗುಲಿದರೆ ಸಾಕು, ಮಿಕ್ಕದ್ದು ತಾನಾಗಿ ಬಂದು ಸುತ್ತಿಕೊಳ್ಳುತ್ತದೆ. ನೂರು ಮಾರು ದೂರ ಹೋಗುವಷ್ಟರಲ್ಲಿ ರಾಟೆಗೆ ನೂಲು ಸುತ್ತಿದಂತೆ ಬಿಗಿಯಾದ ಉಂಡೆ. ಪಕ್ಕದಲ್ಲೇ ಸೈಲೆನ್ಸರಿನ ಕೊಳವೆ ಕೆಂಡದಂತಿರುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್‌–6 ಡೀಸೆಲ್ ವಾಹನಗಳಲ್ಲಿ ಮಸಿ ಸುಡುವ ಫಿಲ್ಟರಿನ ಒಳಗಿನ ಶಾಖ ಸುಮಾರು 600 ಡಿಗ್ರಿ ಮುಟ್ಟುವುದುಂಟು; ಒಣ ಹೊಟ್ಟು ಹೊತ್ತಿಕೊಳ್ಳಲು ಅದರ ಅರ್ಧ ಸಾಕು. ಹುರುಳಿ ಸೊಪ್ಪಿನ ಮೇಲೆ ಹಾಯ್ದ ಕಾರುಗಳು ಕಣ್ಣೆದುರೇ ಸುಟ್ಟು ಕರಕಲಾದ ಸುದ್ದಿ ರಾಜ್ಯದ ಬಯಲುಸೀಮೆಯಿಂದ ಮೇಲಿಂದ ಮೇಲೆ ಬರುತ್ತಲೇ ಇದೆ. ವೀಡ್ ಮಹಾಶಯನಿಗೆ ದಾರಿ ತೋರಿಸಿದ್ದೂ ಬಳ್ಳಿಯೇ, ಇಲ್ಲಿ ದಾರಿ ತಪ್ಪಿಸುವುದೂ ಬಳ್ಳಿಯೇ.

ಸುತ್ತಿದ್ದನ್ನು ಕೈಯಿಂದ ಜಗ್ಗಿದರೆ ಇನ್ನಷ್ಟು ಬಿಗಿಯಾಗುತ್ತದೆ. ಕುಡುಗೋಲಿನ ಮೊನೆಯನ್ನು ಶಾಫ್ಟಿನ ಉದ್ದಕ್ಕೂ ತೂರಿಸಿ ಸೀಳಬೇಕು. ಆಗ ಸುರುಳಿ ಸುರುಳಿಯಾಗಿ ಬಿಚ್ಚಿ ಬೀಳುತ್ತದೆ, ಒಳಪದರ ಸೀದು ಕಪ್ಪಾಗಿರುತ್ತದೆ. ಹೀಗಾಗಿ ಈ ಸೀಮೆಯಲ್ಲಿ ಚಳಿಗಾಲದ ಜೀಪಿಗೆ ಬೇಕಾದ ಮುಖ್ಯ ಸಲಕರಣೆಗಳು ಎರಡೇ, ಕುಡುಗೋಲು ಮತ್ತು ಒಣಪುಡಿಯ ಅಗ್ನಿನಂದಕ. ಸುಟ್ಟ ವಾಸನೆ ಬಂದೊಡನೆ ಒಕ್ಕಣೆ ದಾಟಿ ಬರಿ ಟಾರಿನ ಮೇಲೆ ನಿಲ್ಲಿಸಬೇಕು, ಹೊಟ್ಟಿನ ಮೇಲೆ ಅಲ್ಲ. ಹೀಗೆ ಒಕ್ಕಣೆ ಹರವಿ ರಸ್ತೆಗೆ ಅಡ್ಡಿ ಮಾಡಿದವರಿಗೆ ಹಳೆಯ ದಂಡಸಂಹಿತೆಯಲ್ಲಿ 200 ರೂಪಾಯಿ ಇದ್ದ ದಂಡದ ಮಿತಿ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಡಿ 5,000ಕ್ಕೆ ಏರಿದೆ. ಒಂದು ಚೀಲ ಹುರುಳಿಯ ರೈತನ ಮೇಲೆ ಅದನ್ನು ಹಾಕಲು ಯಾವ ಪೇದೆಗೂ ಮನಸ್ಸು ಬರಲಾರದು. ಗದರಿಸಿ ಗಿಡ ಅಂಚಿಗೆ ಸರಿಸಿದರೆ ಅಲ್ಲಿಗೆ ವ್ಯವಹಾರ ಮುಗಿಯುತ್ತದೆ.

ಜೀಪಿನ ಹಿಂಬದಿಯಲ್ಲಿ ಇರಬೇಕಾದವು ಪ್ರತಿಫಲಕ ಜಾಕೆಟ್, ಮಿನುಗುವ ಬೇಟನ್, ರಸ್ತೆ ಕೋನ್, ಟಾರ್ಚು, ಎಳೆಯುವ ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಇವುಗಳಿಗಿಂತ ಹೆಚ್ಚು ಜೀವ ಉಳಿಸುವುದು ಅಂಟಿಸುವ ಪ್ರತಿಫಲಕ ಪಟ್ಟಿಯ ಸುರುಳಿ. ಕಬ್ಬು ಹೇರಿದ ಜೋಡಿ ಟ್ರೇಲರಿನ ಹಿಂಬದಿ ಮಂಜಿನಲ್ಲಿ ಕತ್ತಲೆಯ ತುಂಡಿನಂತೆ ನಿಂತಿರುತ್ತದೆ. ಒಂದು ಗೇಣು ಪಟ್ಟಿ ಅಂಟಿಸಿದರೆ ಬಿದ್ದ ಬೆಳಕು ಬಂದ ದಿಕ್ಕಿಗೇ ಮರಳಿ, ಹಿಂದಿನ ಚಾಲಕನಿಗೆ ಬ್ರೇಕಿಗೆ ಕಾಲಿಡಲು ಹೊತ್ತು ಸಿಗುತ್ತದೆ. ಜಾತ್ರೆಗೆ ಹೊರಟ ಚಕ್ಕಡಿಗೂ ಇದೇ ಮದ್ದು.

ಮೈಲಾರದ ಬಂದೋಬಸ್ತಿನಲ್ಲಿ ಜೀಪು ಓಡುವುದಕ್ಕಿಂತ ತೆವಳುವುದೇ ಹೆಚ್ಚು. ಕಾರಣಿಕ ನಡೆಯುವ ಡೆಂಕಣಮರಡಿಯ ಕಡೆ ಜನರ ನಡುವೆ ಮೊದಲನೇ ಗೇರಿನಲ್ಲಿ ಸರಿಯುವಾಗ ಎಂಜಿನ್‌ಗೆ ಎದುರುಗಾಳಿ ಇರುವುದಿಲ್ಲ, ಧೂಳಿನಿಂದ ರೇಡಿಯೇಟರ್ ಮುಚ್ಚಿಕೊಳ್ಳುತ್ತದೆ. ಅರ್ಧಕ್ಕರ್ಧ ಗ್ಲೈಕಾಲ್ ಬೆರೆಸಿದ ಕೂಲಂಟ್ ಲಡಾಖ್‌ನಲ್ಲಿ ಮೈನಸ್ 30 ದಾಟಿದರೂ ನೀರು ಹೆಪ್ಪುಗಟ್ಟದಂತೆ ಕಾಯುತ್ತದೆ; ಅದೇ ಕೂಲಂಟ್ ಇಲ್ಲಿ ನೀರು ಕುದಿಯದಂತೆ ನೋಡಿಕೊಳ್ಳುತ್ತದೆ. ಬೆಳಗಿನ ತಂಪಿಗೂ ನಡುಹಗಲಿನ ಬಿಸಿಲಿಗೂ ನಡುವೆ ಟೈರಿನ ಗಾಳಿ ಎರಡು ಮೂರು ಪಿಎಸ್‌ಐ ಏರುವುದರಿಂದ ಒತ್ತಡವನ್ನು ನಸುಕಿನಲ್ಲೇ ಅಳೆಯಬೇಕು. ದಿನವಿಡೀ ವೈರ್‌ಲೆಸ್, ಮೈಕು, ದೀಪ ಉರಿಸಿ ನಿಂತ ಗಾಡಿಯ ಬ್ಯಾಟರಿ ಚಳಿಯಿಲ್ಲದೆಯೂ ಬರಿದಾಗುತ್ತದೆ, ಆದ್ದರಿಂದ ಆಗಾಗ ಎಂಜಿನ್ ಚಾಲೂ ಮಾಡುತ್ತಿರಬೇಕು. ಮೈಕಿನ ಕೆಲಸವೇ ಇಲ್ಲಿ ದೊಡ್ಡದು: ತಪ್ಪಿಸಿಕೊಂಡ ಮಕ್ಕಳ ಹೆಸರು ಕೂಗುವುದು, ಚಕ್ಕಡಿಗಳಿಗೆ ದಾರಿ ಹೇಳುವುದು. ಗೊರವಯ್ಯ ಬಿಲ್ಲನ್ನೇರಿ ಕಾರಣಿಕವೆಂಬ ಭವಿಷ್ಯವಾಣಿ ನುಡಿಯುವ ಗಳಿಗೆಯಲ್ಲಿ ಮಾತ್ರ ಅದಕ್ಕೂ ಸೈರನ್ನಿಗೂ ಬಿಡುವು.

ಜಾತ್ರೆ ಮುಗಿಯುವ ಹೊತ್ತಿಗೆ ಹುರುಳಿ ಒಕ್ಕಣೆಯೂ ಮುಗಿದಿರುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳು ಮಾತ್ರ ಕಾರ್ಖಾನೆ ನುರಿಸುವಷ್ಟು ದಿನವೂ ರಸ್ತೆಯಲ್ಲಿರುವುದರಿಂದ ಪ್ರತಿಫಲಕ ಪಟ್ಟಿಯ ಸುರುಳಿಯನ್ನು ಜೀಪಿನಿಂದ ಇಳಿಸುವಂತಿಲ್ಲ.