ಹೂಳು ಉಳಿಸಿದ ಊರು

ಬೆಲ್ಜಿಯಂನ ಬ್ರೂಜ್‌ಗೆ ಹೋದವರೆಲ್ಲ ಒಂದೇ ಜಾಗದಲ್ಲಿ ನಿಂತು ಒಂದೇ ಫೋಟೊ ತೆಗೆಯುತ್ತಾರೆ. ಕಾಲುವೆ ತಿರುವು ಪಡೆಯುವ ಕಟ್ಟೆ, ನೀರಿನಿಂದಲೇ ಎದ್ದ ಇಟ್ಟಿಗೆ ಗೋಡೆಗಳು, ಹಿಂದೆ 83 ಮೀಟರ್ ಎತ್ತರದ ಗಂಟೆಗೋಪುರ. ಮಧ್ಯಯುಗ ಇಲ್ಲಿ ಹಾಗೇ ಉಳಿದಿದೆ ಎಂದು ಮಾರ್ಗದರ್ಶಿಗಳು ಹೇಳುತ್ತಾರೆ. ಉಳಿದದ್ದೇನೋ ನಿಜ. ಆದರೆ ಅಭಿಮಾನದಿಂದ ಉಳಿಸಿಕೊಂಡದ್ದಕ್ಕಿಂತ, ಕೆಡವಿ ಹೊಸದು ಕಟ್ಟಲು ಕೈಯಲ್ಲಿ ಕಾಸಿಲ್ಲದೆ ಉಳಿದದ್ದೇ ಹೆಚ್ಚು.

1134ರಲ್ಲಿ ಉತ್ತರ ಸಮುದ್ರ ಉಕ್ಕಿ ದಡವನ್ನು ಕೊರೆಯಿತು. ಹಾಗೆ ತೆರೆದುಕೊಂಡ ಝ್ವಿನ್ ಎಂಬ ಜಲಮಾರ್ಗವೇ ಬ್ರೂಜ್‌ನ ಭಾಗ್ಯದ ಬಾಗಿಲು. ಹಡಗುಗಳು ಹತ್ತಿರದ ಡಾಮ್‌ವರೆಗೆ ಬರುತ್ತಿದ್ದವು. ಅಲ್ಲಿಂದ ಸರಕು ಚಿಕ್ಕ ದೋಣಿ ಏರಿ ಕಾಲುವೆ ಹಿಡಿದು ಊರೊಳಗೆ ಬರುತ್ತಿತ್ತು. ಇಂಗ್ಲೆಂಡಿನ ಉಣ್ಣೆ ಬಂದಿಳಿಯುತ್ತಿತ್ತು, ಫ್ಲಾಂಡರ್ಸ್‌ನ ನೇಕಾರರ ಬಟ್ಟೆ ಹೊರಡುತ್ತಿತ್ತು. 1277ರಲ್ಲಿ ಜಿನೋವಾದ ಹಡಗುಗಳೂ ಬಂದವು. ವಾನ್ ಡೆರ್ ಬ್ಯೂರ್ಸೆ ಮನೆತನದ ವಸತಿಗೃಹದ ಮುಂದೆ ನಾನಾ ದೇಶದ ವರ್ತಕರು ಸೇರಿ ಹುಂಡಿ, ಸಾಲದ ಲೇವಾದೇವಿ ಕುದುರಿಸುತ್ತಿದ್ದರು.

ನಮ್ಮ ಕೆರೆಗಳ ಗತಿ ಕಂಡವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಝ್ವಿನ್‌ಗೆ ಹೂಳು ತುಂಬಿತು. ಸಾಲದ್ದಕ್ಕೆ 1488ರಲ್ಲಿ ಊರಿನವರು ತಮ್ಮ ಒಡೆಯ ಮ್ಯಾಕ್ಸಿಮಿಲಿಯನ್‌ನನ್ನೇ ಹಿಡಿದು ಸೆರೆಯಲ್ಲಿಟ್ಟರು. ಹಡಗೂ ಹೋಯಿತು, ಅರಸನ ಕೃಪೆಯೂ ಹೋಯಿತು. ವ್ಯಾಪಾರ ಆಂಟ್‌ವರ್ಪ್‌ನ ಪಾಲಾಯಿತು. 19ನೇ ಶತಮಾನದ ಹೊತ್ತಿಗೆ ಬ್ರೂಜ್‌ ಹೆಂಗಸರು ಲೇಸ್ ಹೆಣೆದು ಹೊಟ್ಟೆ ಹೊರೆಯುವ ಬಡ ಊರಾಗಿತ್ತು. 1892ರಲ್ಲಿ ಜಾರ್ಜ್ ರೋಡನ್‌ಬಾಕ್ ತನ್ನ ಕಾದಂಬರಿಯ ಹೆಸರಿನಲ್ಲೇ ಇದನ್ನು ಸತ್ತ ಊರು ಎಂದುಬಿಟ್ಟ. ಊರಿನವರಿಗೆ ಅದು ಹಿಡಿಸಲಿಲ್ಲ. ಓದಿದವರು ಮಾತ್ರ ನೋಡಲು ಬರತೊಡಗಿದರು!

ಕಣ್ಣಿಗೆ ಬೀಳುವುದೆಲ್ಲ ಹಳೆಯದೆಂದು ನಂಬಬೇಡಿ. ಮಾರುಕಟ್ಟೆ ಚೌಕದ ಗೋಥಿಕ್ ಅರಮನೆಯಂಥ ಪ್ರಾಂತೀಯ ಭವನ 19ನೇ ಶತಮಾನದಲ್ಲಿ ಆರಂಭವಾದ ಕಟ್ಟಡ. ಪ್ರೇಮಿಗಳು ಸೆಲ್ಫಿಗೆ ಮುಗಿಬೀಳುವ, ಪಾಚಿಗಟ್ಟಿದ ಬೋನಿಫೇಸಿಯಸ್ ಕಲ್ಲುಸೇತುವೆ 1910ರದು. ನನಗೇನೂ ಬೇಸರವಿಲ್ಲ. ವೇಷ ಚೆನ್ನಾಗಿಯೇ ಒಪ್ಪಿದೆ.

ಆ ಸೇತುವೆ ಪಕ್ಕದ ಅವರ್ ಲೇಡಿ ಚರ್ಚಿನೊಳಗೆ ಇರುವುದು ಮಾತ್ರ ಅಪ್ಪಟ ಹಳೆಯದು: ಮೈಕೆಲೆಂಜಲೊ ಕೆತ್ತಿದ ಅಮೃತಶಿಲೆಯ ಮಡೋನ. 16ನೇ ಶತಮಾನದ ಆರಂಭದಲ್ಲಿ ಮೂಸ್ಕ್ರೋನ್ ಎಂಬ ಬಟ್ಟೆ ವ್ಯಾಪಾರಿ ಮನೆತನ ಕೊಂಡು ತಂದದ್ದು. ಬಾಗಿಲು ಮುಚ್ಚುತ್ತಿದ್ದ ಊರಿನಲ್ಲೂ ಅಷ್ಟು ದುಡ್ಡು ಇನ್ನೂ ಓಡಾಡುತ್ತಿತ್ತು. ಮೇರಿ ಮಗುವಿನ ಮೇಲೆ ಕಣ್ಣಿಟ್ಟಿಲ್ಲ. ದೃಷ್ಟಿ ಕೆಳಗೆ, ಎಲ್ಲೋ ಆಚೆಗೆ. ಮಗುವೂ ಮಡಿಲಲ್ಲಿ ಕೂತಿಲ್ಲ. ತಾಯಿಯ ಮಂಡಿಗಳ ನಡುವಿನಿಂದ ಕೆಳಗಿಳಿಯಲು ಹೊರಟಿದೆ; ಅವಳ ಕೈ ಅದನ್ನು ಹಿಡಿದೂ ಹಿಡಿಯದಂತಿದೆ. ಕ್ರಾಂತಿಯ ನಂತರದ ಫ್ರೆಂಚರು ಇದನ್ನು ಪ್ಯಾರಿಸ್‌ಗೆ ಹೊತ್ತೊಯ್ದರು, ತಿರುಗಿ ಬಂತು. 1944ರಲ್ಲಿ ಸೋತು ಹಿಂದೆಗೆಯುತ್ತಿದ್ದ ಜರ್ಮನ್ನರು ಹಾಸಿಗೆಗಳಲ್ಲಿ ಸುತ್ತಿ ಒಯ್ದರು. ಮರುವರ್ಷ ಆಸ್ಟ್ರಿಯಾದ ಆಲ್ಟೌಸೇ ಉಪ್ಪಿನ ಗಣಿಯಲ್ಲಿ ಸಿಕ್ಕಿತು. ಈಗ ಗಾಜಿನ ಹಿಂದೆ, ಒಂದಿಷ್ಟು ದೂರದಲ್ಲಿದೆ. ಬ್ರೂಜ್‌ನಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ಇದನ್ನೇ ನೋಡಿ.

ಬ್ರಸೆಲ್ಸ್‌ನಿಂದ ರೈಲಿನಲ್ಲಿ ಸುಮಾರು ಒಂದು ತಾಸು. ಬಹುತೇಕರು ಬೆಳಿಗ್ಗೆ ಬಂದು ಸಂಜೆ ಹಿಂದಿರುಗುತ್ತಾರೆ. ಹಾಗಾಗಿ ರಾತ್ರಿ ಉಳಿದವರಿಗೇ ಲಾಭ. ಅರ್ಧ ತಾಸಿನ ದೋಣಿ ಸವಾರಿ ತಪ್ಪಿಸಬೇಡಿ, ಮನೆಗಳ ಹಿತ್ತಿಲು, ಸೇತುವೆಗಳ ಅಡಿ ಕಾಣುವುದು ಅಲ್ಲಿಂದಲೇ. ಗೋಪುರಕ್ಕೆ 366 ಮೆಟ್ಟಿಲು, ಮಂಡಿ ನೋವಿದ್ದವರು ಕೆಳಗೇ ನಿಂತು 47 ಗಂಟೆಗಳ ನಾದ ಕೇಳಬಹುದು. ಸಸ್ಯಾಹಾರಿಗಳಿಗೊಂದು ಎಚ್ಚರಿಕೆ: ಬೆಲ್ಜಿಯಂನ ಪ್ರಖ್ಯಾತ ಆಲೂ ಫ್ರೈಸ್ ಸಾಂಪ್ರದಾಯಿಕವಾಗಿ ದನದ ಕೊಬ್ಬಿನಲ್ಲಿ ಕರಿದದ್ದು. ಕೇಳಿಯೇ ತಿನ್ನಿ.

ಊರ ನಡುವಿನ ಡಿ ಹಾಲ್ವೆ ಮಾನ್ ಬ್ರೂವರಿ ಹಳೆಯ ಕಲ್ಲುಬೀದಿಗಳಲ್ಲಿ ಟ್ಯಾಂಕರ್ ಓಡಿಸುವ ಬದಲು, 2016ರಲ್ಲಿ ನೆಲದಡಿ ಮೂರು ಕಿಲೋಮೀಟರಿಗೂ ಉದ್ದದ ಪೈಪು ಹಾಕಿ ಬಿಯರನ್ನು ಊರಾಚೆಯ ಬಾಟ್ಲಿಂಗ್ ಘಟಕಕ್ಕೆ ಹರಿಸುತ್ತಿದೆ. ಪೈಪಿನ ಖರ್ಚಿಗೆ ಜನರೂ ದುಡ್ಡು ಹಾಕಿದರು, ಪ್ರತಿಫಲ ಬಿಯರ್.

ಕಳೆದುಕೊಂಡ ಕಡಲೂ 1907ರಲ್ಲಿ ವಾಪಸು ಸಿಕ್ಕಿತು. ಆ ವರ್ಷ ಉದ್ಘಾಟನೆಯಾದ ಝೇಬ್ರುಗ್ಗೆ ಬಂದರು ಈಗ ಯುರೋಪಿನ ಕಾರು ಸಾಗಣೆಯ ದೊಡ್ಡ ಕೇಂದ್ರಗಳಲ್ಲೊಂದು. 2022ರಲ್ಲಿ ಅದು ಇನ್ನೊಂದು ಬಂದರಿನೊಡನೆ ವಿಲೀನವಾಯಿತು. ಯಾವುದೆಂದರೆ, ಐದು ಶತಮಾನಗಳ ಹಿಂದೆ ಬ್ರೂಜ್‌ನ ವ್ಯಾಪಾರವನ್ನೆಲ್ಲ ಸೆಳೆದುಕೊಂಡ ಆಂಟ್‌ವರ್ಪ್.