ಒಣಗದೆ ಹೊರಟ ಅನಿಲ

ಆಂಧ್ರದ ಕೋನಸೀಮೆಯಲ್ಲಿ ತೆಂಗಿನ ತೋಟ, ಭತ್ತದ ಗದ್ದೆಗಳ ನಡುವೆ ಅಲ್ಲಲ್ಲಿ ಬೇಲಿ ಹಾಕಿದ ಜಾಗಗಳಿವೆ. ಒಳಗೆ ವಾಲ್ವುಗಳನ್ನು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಕಂಬ. ತೈಲ ಕ್ಷೇತ್ರದವರು ಅದನ್ನು ‘ಕ್ರಿಸ್‌ಮಸ್ ಟ್ರೀ’ ಎನ್ನುತ್ತಾರೆ. ನೆಲದಾಳದ ನೈಸರ್ಗಿಕ ಅನಿಲ ಮೇಲೆ ಬಂದು ಬಾವಿ ದಾಟುವುದು ಅಲ್ಲಿಂದಲೇ. ಕೊಳ್ಳುವವರ ಬಾಗಿಲಿಗೆ ಅದನ್ನು ಮುಟ್ಟಿಸುವುದು ಬೇರೆಯದೇ ಸಾಹಸ.

ಕಚ್ಚಾತೈಲವಾದರೆ ತೊಟ್ಟಿಯಲ್ಲಿ ತುಂಬಿಟ್ಟು, ಟ್ಯಾಂಕರ್ ಬಂದಾಗ ಸಾಗಿಸಬಹುದು. ಅನಿಲಕ್ಕೆ ಆ ಅನುಕೂಲವಿಲ್ಲ. ಮನೆಯ ಮಹಡಿ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕಿನಲ್ಲಿ ಹಿಡಿಸುವಷ್ಟು ಅನಿಲ ಕೊಡುವ ಶಾಖ, ಹೆಚ್ಚುಕಡಿಮೆ ಒಂದು ಲೀಟರ್ ಡೀಸೆಲ್ ಕೊಡುವಷ್ಟೇ. ಹಾಗಾಗಿ ಕೊಳವೆ ಹಾಕಬೇಕು, ಇಲ್ಲವೇ 200 ಬಾರ್‌ಗೂ ಮೀರಿದ ಒತ್ತಡದಲ್ಲಿ ಸಿಲಿಂಡರುಗಳಿಗೆ ತುಂಬಿ ಲಾರಿಯಲ್ಲಿ ಒಯ್ಯಬೇಕು. ಸಣ್ಣ ಬಾವಿಯ ಅನಿಲಕ್ಕೆ ಈ ಎರಡರ ಖರ್ಚೂ ಭಾರ. ಯಾವುದೂ ಕೈಗೂಡದ ಕಡೆ ಬಾವಿಯನ್ನು ಮುಚ್ಚಿಡುತ್ತಾರೆ, ಅಥವಾ ಅನಿಲವನ್ನು ಸುಮ್ಮನೆ ಉರಿಸಿಬಿಡುತ್ತಾರೆ.

ಒಂಟಿ ಬಾವಿಗೆ ದೊಡ್ಡ ಕೊಳವೆ ಗಿಟ್ಟುವುದಿಲ್ಲವಾದ್ದರಿಂದ ಹಲವು ಬಾವಿಗಳಿಂದ ಸಣ್ಣ ಕೊಳವೆಗಳನ್ನು ಎಳೆದು ಒಂದು ಸಂಗ್ರಹ ಕೇಂದ್ರಕ್ಕೆ ಸೇರಿಸುತ್ತಾರೆ. ಬರುವುದು ಬರೀ ಅನಿಲವಲ್ಲ. ಜೊತೆಗೆ ನೀರು, ಮರಳು, ಕಂಡೆನ್ಸೇಟ್ ಎಂಬ ತೆಳು ಎಣ್ಣೆ, ಎಷ್ಟೋ ಕಡೆ ಇಂಗಾಲದ ಡೈಆಕ್ಸೈಡ್ ಇರುತ್ತವೆ. ಸೆಪರೇಟರ್ ಎಂಬ ಪಾತ್ರೆಯಲ್ಲಿ ದ್ರವಗಳು ತಳಕ್ಕಿಳಿಯುತ್ತವೆ. ಆವಿಯಾಗಿ ಉಳಿದ ನೀರನ್ನು ಗ್ಲೈಕಾಲ್ ಹೀರಿಕೊಳ್ಳುತ್ತದೆ. ಆ ಗ್ಲೈಕಾಲನ್ನು ಕಾಯಿಸಿ, ನೀರು ಹೊರಹಾಕಿ, ಮತ್ತೆ ಬಳಸುತ್ತಾರೆ. ಇಡೀ ಪಯಣದಲ್ಲಿ ಅತ್ಯಂತ ಮುಖ್ಯವಾದ ಕೆಲಸ ಹೀಗೆ ಅನಿಲವನ್ನು ಒಣಗಿಸುವುದೇ ಎಂದು ನನಗೆ ಅನ್ನಿಸುತ್ತದೆ. ನೀರು ಉಳಿದರೆ ಹೆಚ್ಚಿನ ಒತ್ತಡದಲ್ಲಿ ಮಂಜುಗಡ್ಡೆಯಂಥ ಗಟ್ಟಿ ಹರಳುಗಳಾಗಿ ಕೊಳವೆ ಕಟ್ಟಿಕೊಳ್ಳುವಂತೆ ಮಾಡಬಹುದು. ಇಂಗಾಲದ ಡೈಆಕ್ಸೈಡ್ ಜೊತೆ ಕೂಡಿದರೆ ಆಮ್ಲವಾಗಿ ಉಕ್ಕನ್ನು ಒಳಗಿನಿಂದಲೇ ತಿನ್ನುತ್ತದೆ.

ಅದರ ಪರಿಣಾಮ ಎಷ್ಟು ಘೋರವಾಗಬಹುದೆಂಬುದನ್ನು ಕೋನಸೀಮೆ ಕಂಡಿದೆ. 2014ರ ಜೂನ್ 27ರ ಬೆಳಗಿನ ಜಾವ ನಗರಂ ಗ್ರಾಮದಲ್ಲಿ ಗೇಲ್ ಸಂಸ್ಥೆಯ ಕೊಳವೆ ಸೋರಿ, ಅನಿಲ ಹೊತ್ತಿಕೊಂಡಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮನೆಗಳು, ತೆಂಗಿನ ಮರಗಳು ಸುಟ್ಟುಹೋದವು. ಆ ಕೊಳವೆಗೆ ಅನಿಲ ಬರುತ್ತಿದ್ದುದು ಹತ್ತಿರದ ತಾಟಿಪಾಕದಲ್ಲಿರುವ ಒಎನ್‌ಜಿಸಿಯ ಸಂಗ್ರಹ ಕೇಂದ್ರದಿಂದ. ಒಣ ಅನಿಲಕ್ಕೆಂದು ಹಾಕಿದ ಕೊಳವೆಯಲ್ಲಿ ನೀರು, ಕಂಡೆನ್ಸೇಟ್ ಬೆರೆತ ಹಸಿ ಅನಿಲ ಹರಿಯುತ್ತಿತ್ತು, ಅದರಿಂದಲೇ ಕೊಳವೆ ಸವೆದಿತ್ತು ಎಂಬುದು ತನಿಖೆಯಲ್ಲಿ ಹೊರಬಿತ್ತು. ಕೊಳವೆಯ ಪಕ್ಕದಲ್ಲಿ ಬದುಕುತ್ತಿದ್ದವರಿಗೆ ಒಳಗೆ ಏನು ಹರಿಯುತ್ತಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದು.

ಬಾವಿಗೆ ವಯಸ್ಸಾದಂತೆ ಒತ್ತಡ ಇಳಿಯುತ್ತದೆ. ಒಂದೇ ಕೊಳವೆಗೆ ಸೇರಿದ ಬಲವಾದ ಬಾವಿ ಸೊರಗಿದ ಬಾವಿಯನ್ನು ಹಿಂದಕ್ಕೆ ತಳ್ಳುತ್ತದೆ. ಅನಿಲದ ವೇಗ ಕುಗ್ಗಿದರೆ ನೀರನ್ನು ಮೇಲೆ ಹೊತ್ತು ತರಲಾಗದು; ನೀರು ಬಾವಿಯೊಳಗೇ ನಿಂತು ಅನಿಲದ ಉಸಿರು ಕಟ್ಟಿಸುತ್ತದೆ. ಆಗ ಸೋಪಿನ ಕಡ್ಡಿಗಳನ್ನು ಇಳಿಬಿಟ್ಟು ನೀರನ್ನು ನೊರೆಯಾಗಿಸಿ ಹೊರತರುವುದುಂಟು. ಕಂಪ್ರೆಸರ್ ಕೂರಿಸಿದರೂ ಬಾವಿ ಚೇತರಿಸಿಕೊಳ್ಳುತ್ತದೆ, ಆದರೆ ಆ ಯಂತ್ರ ಅನಿಲದಲ್ಲೇ ಒಂದು ಪಾಲನ್ನು ಇಂಧನವಾಗಿ ತಿನ್ನುತ್ತದೆ.

ಸಾಗಣೆಯ ತೊಡಕಿಗೆ ತಮಿಳುನಾಡು ಬೇರೆ ದಾರಿ ಹಿಡಿಯಿತು. ಕಾವೇರಿ ಮುಖಜಭೂಮಿಯ ಕುತ್ತಾಲಂ, ರಾಮನಾಥಪುರದ ವಳುದೂರು ಮೊದಲಾದ ಕಡೆ ಅನಿಲ ಸಿಗುವಲ್ಲೇ ವಿದ್ಯುತ್ ಸ್ಥಾವರ ಕಟ್ಟಿ, ಅನಿಲದ ಬದಲು ವಿದ್ಯುತ್ತನ್ನೇ ತಂತಿಯ ಮೇಲೆ ಕಳಿಸಿತು.

ಸಣ್ಣ ಕ್ಷೇತ್ರಗಳಿಗೆಂದೇ ಕೇಂದ್ರ ಸರ್ಕಾರ 2015ರಲ್ಲಿ ನೀತಿ ತಂದು, ಮರುವರ್ಷ ಹರಾಜು ಶುರುಮಾಡಿತು. ಬೆಲೆ ನಿಗದಿ ಮಾಡುವ, ಮಾರುವ ಸ್ವಾತಂತ್ರ್ಯವನ್ನು ಗುತ್ತಿಗೆದಾರರಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಕೊಳವೆಯ ಪಕ್ಕದಲ್ಲಿ ಬದುಕುವವರಿಗೂ ಒಂದು ಹಕ್ಕು ಬೇಕು. ಅನಿಲ ಕೈಬದಲಾಗುವ ಮೀಟರಿನ ಬಳಿ ಪ್ರಮಾಣ, ಶಾಖದ ಜೊತೆಗೆ ತೇವವನ್ನೂ ಅಳೆಯಬಹುದು. ಅನಿಲ ಎಷ್ಟು ಒಣಗಿದೆ ಎಂಬ ಆ ಅಂಕಿಯನ್ನು ಮಾರುವವರು, ಕೊಳ್ಳುವವರು ಮಾತ್ರ ನೋಡಿದರೆ ಸಾಲದು. ಕೊಳವೆ ಹಾಯುವ ಪ್ರತಿ ಊರಿನ ಪಂಚಾಯಿತಿಯ ಫಲಕದ ಮೇಲೂ ಅದು ಬರಬೇಕು. ಮಿತಿ ಮೀರಿದ ದಿನ ವಾಲ್ವು ಮುಚ್ಚಿಸುವಂತೆ ಕೇಳುವ ಹಕ್ಕು ಆ ಊರಿಗಿರಬೇಕು.