ಜಾತ್ರೆಯ ಗಳಿಕೆಗೂ ಒಂದು ಗಡುವು: ಮಾರ್ಚ್ 15

ಬನದ ಹುಣ್ಣಿಮೆ ಹತ್ತಿರವಾದಂತೆ ಯರಗಟ್ಟಿಯ ರಸ್ತೆಗಳಿಗೆ ಬಿಡುವಿಲ್ಲ. ಗೋಕಾಕ, ಚಿಕ್ಕೋಡಿ, ಅದರಾಚೆ ಮಹಾರಾಷ್ಟ್ರದ ಕಡೆಯಿಂದ ಬರುವ ಚಕ್ಕಡಿ, ಟ್ರ್ಯಾಕ್ಟರು, ಟೆಂಪೊಗಳು ಮುನವಳ್ಳಿ ದಾರಿ ಹಿಡಿದು ಸವದತ್ತಿಯ ಎಲ್ಲಮ್ಮನ ಗುಡ್ಡದ ಜಾತ್ರೆಗೆ ಸಾಗುತ್ತವೆ. ಭಾರತ ಹುಣ್ಣಿಮೆ ಕಳೆಯುವವರೆಗೂ ಭಂಡಾರ, ಕುಂಕುಮ, ಕಾಯಿ, ಬಳೆ, ಚಹಾ ಎಲ್ಲಕ್ಕೂ ಗಿರಾಕಿ. ನೌಕರಿಯ ಜೊತೆಗೆ ಇಂಥ ಅಂಗಡಿ ನಡೆಸುವವರಿಗೆ ಕೈತುಂಬ ದುಡ್ಡು ಕಾಣುವ ಕಾಲ ಇದು.

ಸಂಬಳದ ತೆರಿಗೆಯನ್ನು ಕಂಪನಿಯೇ ಮುರಿದುಕೊಂಡು ಕಟ್ಟುತ್ತದೆ. ಅಂಗಡಿಯ ಗಲ್ಲೆಯಿಂದ ಮುರಿಯುವವರು ಯಾರೂ ಇಲ್ಲ, ಅದನ್ನು ನಾವೇ ಲೆಕ್ಕ ಹಾಕಿ ಕಟ್ಟಬೇಕು. ಟಿಡಿಎಸ್ (ಮೂಲದಲ್ಲೇ ಮುರಿದ ತೆರಿಗೆ) ಕಳೆದು ಉಳಿಯುವ ವರ್ಷದ ತೆರಿಗೆ ₹10,000 ಮುಟ್ಟಿದರೆ ಮುಂಗಡ ತೆರಿಗೆ ಕಡ್ಡಾಯ. ಸಾಮಾನ್ಯ ನಿಯಮದಂತೆ ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ರೊಳಗೆ ಒಟ್ಟು ಶೇ 45, ಡಿಸೆಂಬರ್ 15ರೊಳಗೆ ಶೇ 75, ಮಾರ್ಚ್ 15ರೊಳಗೆ ಪೂರ್ತಿ.

ಜನವರಿ, ಫೆಬ್ರುವರಿಯಲ್ಲಿ ಆಗುವ ವ್ಯಾಪಾರವನ್ನು ಜೂನ್‌ನಲ್ಲೇ ಅಂದಾಜು ಮಾಡುವುದು ಹೇಗೆ? ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. ₹2 ಕೋಟಿವರೆಗಿನ ವಹಿವಾಟಿನ ಸಣ್ಣ ವ್ಯಾಪಾರಿ ಅಂದಾಜು ಲಾಭದ ಪದ್ಧತಿಗೆ ಒಪ್ಪಿದರೆ ನಗದು ವ್ಯಾಪಾರದ ಶೇ 8, ಯುಪಿಐ, ಬ್ಯಾಂಕ್ ಮೂಲಕ ಬಂದದ್ದರ ಶೇ 6 ಲಾಭ ತೋರಿಸಿದರೆ ಸಾಕು. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದನ್ನೇ ತೋರಿಸಬೇಕು. ಇವರಿಗೆ ನಾಲ್ಕು ಕಂತಿನ ತಾಪತ್ರಯವಿಲ್ಲ, ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರಾಯಿತು. ಕಮಿಷನ್ ಮೇಲೆ ದುಡಿಯುವ ಏಜೆಂಟರಿಗೆ ಮಾತ್ರ ಈ ಸೌಲಭ್ಯ ಸಿಗದು.

ಒಂದು ಲೆಕ್ಕ ನೋಡಿ. ಖಾಸಗಿ ಕಂಪನಿಯಲ್ಲಿ ವರ್ಷಕ್ಕೆ ₹12 ಲಕ್ಷ ಸಂಬಳ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ₹75,000 ಕಡಿತ ಕಳೆದು ₹11.25 ಲಕ್ಷ. ಅದಕ್ಕೆ ತೆರಿಗೆ ಸೊನ್ನೆ, ಕಂಪನಿ ಬಿಡಿಗಾಸನ್ನೂ ಮುರಿದಿಲ್ಲ. ಅಂಗಡಿಯಲ್ಲಿ ಯುಪಿಐನಿಂದ ₹15 ಲಕ್ಷ, ನಗದಿನಲ್ಲಿ ₹10 ಲಕ್ಷ ವ್ಯಾಪಾರವಾಗಿದ್ದರೆ ಅಂದಾಜು ಲಾಭ ₹1.70 ಲಕ್ಷ. ಒಟ್ಟು ಆದಾಯ ₹12.95 ಲಕ್ಷವಾಗಿ, ₹12 ಲಕ್ಷದವರೆಗಿನ ರಿಯಾಯಿತಿ ಕೈತಪ್ಪುತ್ತದೆ. ಸೆಸ್ ಸೇರಿ ತೆರಿಗೆ ₹77,220! ಅದನ್ನು ಜುಲೈವರೆಗೆ ಕಟ್ಟದಿದ್ದರೆ ತಿಂಗಳಿಗೆ ಶೇ 1ರಂತೆ ಬಡ್ಡಿ ಬೆಳೆದು ಇನ್ನೂ ₹3,860 ಸೇರುತ್ತದೆ. ಬಡ್ಡಿಗಿಂತ ದೊಡ್ಡ ಪೆಟ್ಟು ಬೇರೆ: ಅಷ್ಟರೊಳಗೆ ಜಾತ್ರೆಯ ದುಡ್ಡು ಬೀಜ, ಗೊಬ್ಬರ, ಶಾಲೆಯ ಫೀಸಿಗೆ ಹೋಗಿರುತ್ತದೆ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮರೆಯಾಯಿತು. ಅದು ಜಿಎಸ್‌ಟಿಯ ಮಾತು. ಆದಾಯ ತೆರಿಗೆಯಲ್ಲಿ ಯುಪಿಐ ವ್ಯಾಪಾರಿಯ ಪರವಾಗಿಯೇ ಇದೆ. ಶೇ 8ರ ಬದಲು ಶೇ 6 ಎಂದರೆ ಕಡಿಮೆ ಲೆಕ್ಕವೇನಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಉಂಟು. ಹೊಲದಲ್ಲಿ ಬೆಳೆದ ಕಬ್ಬಿಗೆ ಕಾರ್ಖಾನೆ ಕೊಟ್ಟ ಬಿಲ್ಲು ಕೃಷಿ ಆದಾಯ, ಅದಕ್ಕೆ ತೆರಿಗೆಯಿಲ್ಲ. ಆದರೆ ಡೇರಿಗೆ ಹಾಕಿದ ಹಾಲಿನ ಲಾಭ, ಬೇರೆಯವರ ಹೊಲಕ್ಕೆ ಬಾಡಿಗೆಗೆ ಬಿಟ್ಟ ಟ್ರ್ಯಾಕ್ಟರಿನ ಗಳಿಕೆ ಕೃಷಿ ಆದಾಯವಲ್ಲ. ರೈತರ ಮನೆಯದು ಎಂಬ ಕಾರಣಕ್ಕೆ ಅದು ಲೆಕ್ಕದಿಂದ ಹೊರಗುಳಿಯುವುದಿಲ್ಲ.

ಕಟ್ಟುವುದು ಕಷ್ಟವಲ್ಲ. ಆದಾಯ ತೆರಿಗೆಯ ಪೋರ್ಟಲಿನಲ್ಲಿ 'ಇ-ಪೇ ಟ್ಯಾಕ್ಸ್' ತೆರೆದು 'ಅಡ್ವಾನ್ಸ್ ಟ್ಯಾಕ್ಸ್' ಆರಿಸಿ ಹಣ ಕಟ್ಟಿ, ಚಲನ್ ಉಳಿಸಿಕೊಂಡರೆ ಮುಗಿಯಿತು. ಅಲ್ಲೇ ಚಲನ್ ಮುದ್ರಿಸಿಕೊಂಡು ಬ್ಯಾಂಕಿನಲ್ಲೂ ಕಟ್ಟಬಹುದು.

ಕಷ್ಟವಿರುವುದು ಗೊತ್ತಿಲ್ಲದಿರುವುದರಲ್ಲಿ. ಯರಗಟ್ಟಿ, ಸವದತ್ತಿ, ಬೈಲಹೊಂಗಲ, ರಾಮದುರ್ಗದ ವ್ಯಾಪಾರಿ ಸಂಘಗಳು, ಕಾಲೇಜುಗಳ ವಾಣಿಜ್ಯ ವಿಭಾಗಗಳು, ತೆರಿಗೆ ಸಲಹೆಗಾರರು ಸೇರಿ ಭಾರತ ಹುಣ್ಣಿಮೆ ಮುಗಿದ ಕೂಡಲೇ ಒಂದು ದಿನ ಶಿಬಿರ ನಡೆಸಲಿ. ವ್ಯಾಪಾರಿ ತನ್ನ ಯುಪಿಐ ಸ್ಟೇಟ್‌ಮೆಂಟ್, ನಗದಿನ ಪುಸ್ತಕ ಹಿಡಿದು ಬರಲಿ, ಬಿ.ಕಾಂ. ಮಕ್ಕಳು ಪಕ್ಕದಲ್ಲಿ ಕೂತು ಲೆಕ್ಕ ಹಾಕಿಕೊಡಲಿ. ಓದುವವರಿಗೆ ಅನುಭವ ಆಗುತ್ತದೆ, ದುಡಿಯುವವರಿಗೆ ಬಡ್ಡಿಯ ಹೊರೆ ತಪ್ಪುತ್ತದೆ.